ವಾಷರ್

ಮಂಗಳವಾರದಿಂದ ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿದೆ.
ಬೇಕಾಗಿರುವುದು ಒಂದು ವಾಷರ್,
ಹೆಬ್ಬೆರಳಿನ ಉಗುರಿನಷ್ಟು ಕಪ್ಪು ರಬ್ಬರು,
ನಲವತ್ತು ಸೆಂಟಿನ ಮಾಲು.
ಐರ್ಲೆಂಡಿನ ಪಡುವಣ ತುದಿಯ ಈ ಕಿಲ್‌ಡ್ರೀನಾದಲ್ಲಿ
ಅದು ಸಿಗುವುದು ಒಂದೇ ಕಡೆ:
ಚರ್ಚಿನ ಎದುರು, ಡೆವಾನಿಯ ಹಾರ್ಡ್‌ವೇರ್ ಅಂಗಡಿ.
ನಾನು ಹೋಗುತ್ತಿಲ್ಲ.

ಹೋಗದೆ ಇವತ್ತಿಗೆ ಹದಿನಾಲ್ಕು ತಿಂಗಳು.
ಮುಚ್ಚಿದ್ದ ಕಡಲಂಚಿನ ಹೋಟೆಲಿಗೆ
ಎರಿಟ್ರಿಯಾದ ಹನ್ನೊಂದು ಸಂಸಾರ ಬರುತ್ತವೆ ಎಂದಾಗ
ಗೇಟಿನ ಮುಂದೆ ರಾತ್ರಿಯಿಡೀ ಉರಿದ ಪೀಪಾಯಿ ಯಾರದು?
ಡೆವಾನಿಯದು. ಕಟ್ಟಿಗೆ ಅವನದು, ಸೀಮೆಎಣ್ಣೆ ಅವನದು.
‘ಊರು ತುಂಬಿದೆ’ ಎಂದು ಹಲಗೆಗೆ ಬರೆದದ್ದು
ನನ್ನ ಹಿತ್ತಿಲ ಬಾಗಿಲಿಗೆ ಅವನೇ ಬೆರೆಸಿಕೊಟ್ಟ ಹಸಿರಿನಲ್ಲಿ.
(ತುಂಬಿದ ಊರಿನ ಶಾಲೆಯಲ್ಲಿ
ಮಕ್ಕಳಿಲ್ಲದೆ ಎರಡು ಕೋಣೆಗೆ ಬೀಗ. ನಾನಲ್ಲಿ ಅಡುಗೆಯವಳಾಗಿದ್ದೆ.)
ಕಸ ಹಾಕಲು ಹೋದಾಗೆಲ್ಲ ಆ ಬಾಗಿಲು ನನ್ನನ್ನು ನೋಡುತ್ತದೆ.

ಹೀಗಾಗಿ ಮೊಳೆಗೊಂದು ಬಸ್ಸು, ಬಲ್ಬಿಗೊಂದು ಬಸ್ಸು.
ಹನ್ನೆರಡು ಮೈಲಿ ಹೋಗಿ, ದೊಡ್ಡ ಮಳಿಗೆಯ
ಬಿಳಿ ದೀಪದ ಕೆಳಗೆ ಸಾಲಿನಲ್ಲಿ ನಿಂತು
ನನ್ನ ಮನಸ್ಸಾಕ್ಷಿಗೆ ಬಿಲ್ಲು ಹಾಕಿಸಿಕೊಳ್ಳುತ್ತೇನೆ.
ಆ ಮಳಿಗೆಯ ಧಣಿ ಎಲ್ಲಿಯವನು,
ಯಾವ ಊರಿನ ಯಾವ ಗೇಟಿಗೆ ಎಷ್ಟು ಪೀಪಾಯಿ ಕಳಿಸುತ್ತಾನೆ,
ಗೊತ್ತಿಲ್ಲ. ಮುಖವಿಲ್ಲದವನ ಮೇಲೆ
ಮುನಿಸು ಎಲ್ಲಿ ನಿಲ್ಲಬೇಕು?
ಜಾರಿಬಿಡುತ್ತದೆ, ನೆಲ ಅಷ್ಟು ನುಣುಪು.

ತಮ್ಮ ಕೊಲ್ಮ್‌ಗೆ ಇದೆಲ್ಲ ತಮಾಷೆ:
“ಮೊಳೆಗೆ ಯಾವ ಪಕ್ಷ? ತಕ್ಕಡಿ ನೆಟ್ಟಗಿದ್ದರೆ ಸಾಲದಾ?
ಹೊಳೆ ಉಕ್ಕಿದ ರಾತ್ರಿ ಎರಡು ಗಂಟೆಗೆ ಅಂಗಡಿ ತೆಗೆದು
ಪಂಪು ಹೊತ್ತು ನಿನ್ನ ಮನೆಗೂ ಬಂದನಲ್ಲ,
ಆಗ ಕೇಳಿದೆಯಾ, ನಿನ್ನ ವಿಚಾರವೇನಪ್ಪಾ ಅಂತ?”
ಕೇಳಲಿಲ್ಲ. ಮೊಣಕಾಲುದ್ದ ನೀರಿನಲ್ಲಿ ನಿಂತು ಟೀ ಕೊಟ್ಟೆ.
ಎರಡು ಚಮಚ ಸಕ್ಕರೆ ಅವನಿಗೆ. ಇನ್ನೂ ನೆನಪಿದೆ, ಅದೇ ಕಷ್ಟ.
ಕೆಟ್ಟವನು ಪೂರ್ತಿ ಕೆಟ್ಟವನಾಗಿದ್ದರೆ
ಬಸ್ಸಿನ ಸೀಟು ಇಷ್ಟು ಒತ್ತುತ್ತಿರಲಿಲ್ಲ.

ನಿನ್ನೆ ಬಸ್‌ಸ್ಟಾಪಿನಲ್ಲಿ ಅಬ್ರೆಹೆತ್ ಸಿಕ್ಕಳು,
ಹೋಟೆಲಿನ ಏಳನೇ ಕೋಣೆಯವಳು, ಎರಡು ಹೆಣ್ಣುಮಕ್ಕಳ ತಾಯಿ.
ಕೈಯಲ್ಲಿ ಡೆವಾನಿ ಅಂಗಡಿಯ ಕಂದು ಪೊಟ್ಟಣ.
ನನ್ನ ಕಣ್ಣು ಅಲ್ಲೇ ನಿಂತದ್ದು ಕಂಡು ಬಿಚ್ಚಿ ತೋರಿಸಿದಳು:
ಬೀಗ. ಹಿತ್ತಾಳೆಯದು, ಗಟ್ಟಿ.
“ಅವನ ಹತ್ತಿರವಾ?” ಅಂದೆ.
“ಎರಡು ತೋರಿಸಿದ. ಇದು ಬೇಡ, ಒದ್ದರೆ ಬರುತ್ತದೆ,
ಅದು ತಗೋ, ಅಂದ. ಅವನಿಗೆ ಗೊತ್ತಿರುತ್ತದಲ್ಲ.”
ನಕ್ಕಳೋ ಇಲ್ಲವೋ, ಗಾಳಿಗೆ ಶಾಲು ಅಡ್ಡ ಬಂತು.
“ನನಗೋಸ್ಕರ ನೀವು ಬಸ್ಸು ಹತ್ತುತ್ತೀರಂತೆ. ಕೇಳಿದ್ದೇನೆ.
ನನಗೆ ವಾರಕ್ಕೆ ಕೊಡುವ ದುಡ್ಡಿನಲ್ಲಿ ಬಸ್ಸಿಲ್ಲ.”

ಬಸ್ಸು ಬಂತು, ಹೋಯಿತು.
ಡೆವಾನಿಯ ಬಾಗಿಲವರೆಗೂ ನಡೆದೆ. ಗಾಜಿನಾಚೆ
ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು
ಯಾರದೋ ಹುಡುಗನ ಸೈಕಲ್ಲಿಗೆ ಚೈನು ಕೂರಿಸುತ್ತಿದ್ದ.
ತಲೆ ಎತ್ತಿದ. ಕೈ ಎತ್ತಿದ.
ನಾನು ಎತ್ತಲಿಲ್ಲ, ಸುಮ್ಮನಿರಲೂ ಆಗಲಿಲ್ಲ,
ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದೆ.

ರಾತ್ರಿ, ತೀರಿಹೋದ ಗಂಡನ ಮಳೆಬೂಟು ಹುಡುಕಿ ತೆಗೆದು
ಹಿಮ್ಮಡಿಯ ಮೇಲಿನ ರಬ್ಬರು ಕತ್ತರಿಸಿದೆ,
ನಡುವೆ ತೂತು ಕೊರೆದು ನಲ್ಲಿಯೊಳಗೆ ಕೂರಿಸಿದೆ.
ಆ ಬೂಟೂ ಡೆವಾನಿಯಲ್ಲೇ ಕೊಂಡದ್ದು,
ತಿರುಪು ಬಿಗಿಯುವಾಗ ನೆನಪಾಯಿತು.

ಹನಿ ನಿಂತಿಲ್ಲ. ನಿಧಾನವಾಗಿದೆ.
ಒಂದಕ್ಕೂ ಇನ್ನೊಂದಕ್ಕೂ ನಡುವೆ
ನಿದ್ದೆ ಹತ್ತುವಷ್ಟು ಹೊತ್ತಿಲ್ಲ,
ಎದ್ದು ಕೂರುವಷ್ಟು ಸದ್ದೂ ಇಲ್ಲ.