ಪಟ್ಟಿಯಲ್ಲಿಲ್ಲದ ಹೆಸರು

ಶಾರ್ಜಾದ ರೋಲಾದಲ್ಲಿ, ಮೀನಂಗಡಿಯ ಮೇಲಿನ ಕೋಣೆ.
ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಿ
ಸ್ಟುಡಿಯೊ ಅಂದೆವು. ಓದುವಾಗ ಏಸಿ ಆರಿಸಬೇಕು,
ಇಲ್ಲದಿದ್ದರೆ ಸುದ್ದಿಯ ಹಿಂದೆ ಗಿರಣಿ ಓಡುತ್ತದೆ.
ದಿನಕ್ಕೆ ಹದಿನೈದು ನಿಮಿಷ ಕನ್ನಡ,
ಬಾಡಿಗೆಯ ಅಲೆ. ಮುಗಿಯುವಷ್ಟರಲ್ಲಿ
ಬನಿಯನ್ನು ಹಿಂಡಿದರೆ ಒಂದು ಲೋಟ ಉಪ್ಪುನೀರು.

ಆ ಆಗಸ್ಟಿನಲ್ಲಿ ಹಾಡು ನಿಲ್ಲಿಸಿದೆ.
ಕುವೈತಿನಿಂದ ಹೊರಟು ಅಮ್ಮಾನ್ ಮುಟ್ಟಿದವರ ಪಟ್ಟಿ
ಫ್ಯಾಕ್ಸಿನಲ್ಲಿ ಬರುತ್ತಿತ್ತು, ಬಿಸಿಯಾಗಿ, ಸುರುಳಿ ಸುತ್ತಿಕೊಂಡು,
ಕಾವಲಿಯಿಂದ ಎದ್ದ ನೀರುದೋಸೆಯ ಹಾಗೆ.
ನನ್ನ ಕೆಲಸ ಓದುವುದು. ಅಷ್ಟೇ.
ಕಾಂಚನ್, ಕುಂದರ್, ಕೋಟ್ಯಾನ್ ಎಂದು
ಯಾರೋ ಹೇಗೋ ಇಂಗ್ಲಿಷಿನಲ್ಲಿ ಗೀಚಿದ್ದನ್ನು
ಮತ್ತೆ ಮನುಷ್ಯರನ್ನಾಗಿ ಮಾಡುವುದು.

ದಿನಾ ಸಂಜೆ ಒಂದು ಫೋನು:
"ರೇಡಿಯೊದವರೇ, ಜಲಜಾ ಮಾತಾಡುವುದು.
ದೂಮಪ್ಪ ಕರ್ಕೇರ. ಹೆಜಮಾಡಿ. ಬಂತಾ?"
ಒಂಬತ್ತು ದಿನ ಇಲ್ಲಮ್ಮಾ ಅಂದೆ.
ಹತ್ತನೆಯ ದಿನ ಅವಳು ಕೇಳಲೇ ಇಲ್ಲ.
ಫೋನು ಹಿಡಿದು ಸುಮ್ಮನೆ ನಿಂತಳು.
ಒಂದು ನಾಣ್ಯ ಬಿದ್ದ ಸದ್ದು. ಇನ್ನೊಂದು ನಾಣ್ಯ.

ಮರುದಿನ ಪಟ್ಟಿಯ ಕೊನೆಗೆ
ನೀಲಿ ಬಾಲ್‌ಪೆನ್ನಿನಲ್ಲಿ ಬರೆದೆ. ಓದಿದೆ.
ಗಾಜಿನಾಚೆ ಇದ್ರೀಸ್, ಸುಡಾನಿನವ,
ಕನ್ನಡದ ಒಂದಕ್ಷರ ಬಾರದವ,
ಹೆಡ್‌ಫೋನು ಕೊರಳಿಗಿಳಿಸಿ ಹೇಳಿದ:
"ಕೊನೆಯ ಹೆಸರಿಗೆ ನೀನು ಉಸಿರು ಬೇರೆ ಎಳೆದೆ."

ಆ ಸಂಜೆ ಫೋನು ಬರಲಿಲ್ಲ. ಮತ್ತೆಂದೂ ಬರಲಿಲ್ಲ.

ಆಮೇಲೆ ಟಿವಿ, ದುಬೈ, ಏಳನೇ ಮಹಡಿ.
ಧ್ವನಿಗೆ ಮುಖ ಬೇಕಂತೆ, ಮುಖಕ್ಕೆ ಪೌಡರು,
ಪೌಡರಿಗೆ ಪ್ರಾಯೋಜಕ. ನಾನೂ ಟೈ ಕಟ್ಟಿದೆ.
ಯುದ್ಧ ದಾಟಿ ಬಂದವರನ್ನು ಸೋಫಾದ ಮೇಲೆ ಕೂರಿಸುವ
ಒಂದು ಶುಕ್ರವಾರ, ಕಂದು ಸಫಾರಿ ತೊಟ್ಟವನ ಎದೆಯಡಿ
ಅಕ್ಷರ ಮೂಡಿತು: ದೂಮಪ್ಪ ಕರ್ಕೇರ.
"ಒಂದು ಸೋಜಿಗ ಹೇಳಲಾ," ಅಂದ,
"ನಾನು ಅಮ್ಮಾನ್ ಮುಟ್ಟಿದೆ ಅಂತ ರೇಡಿಯೊ ಹೇಳಿದ ದಿನ
ಬಸ್ರಾದ ಹೊರಗೆ ಕೆಟ್ಟು ನಿಂತ ಲಾರಿಯಡಿ ಮಲಗಿದ್ದೆ.
ಅವರಿಗೆ ಮೊದಲೇ ಹೇಗೆ ಗೊತ್ತಾಯಿತು?"
ಎಲ್ಲರೂ ನಕ್ಕರು. ಕಂಟ್ರೋಲ್ ರೂಮಿನ ಕತ್ತಲಲ್ಲಿ
ನನ್ನ ಬೆರಳು ತಾನಾಗಿ ಎರಡನೇ ಕ್ಯಾಮರಾ ಒತ್ತಿತು.
ಜಲಜಾ. ಮುಖ ನೋಡಿದ್ದು ಅದೇ ಮೊದಲು.
ನಗಲಿಲ್ಲ. ಲೆನ್ಸಿನೊಳಗೆ ನೇರ ನನ್ನನ್ನೇ
ಎಂಬಂತೆ ನೋಡಿದಳು, ನಾಣ್ಯ ಮುಗಿದವಳು.
ಏಳು ಸೆಕೆಂಡು ಹಿಡಿದೆ. ಟಿವಿಯಲ್ಲಿ ಅಷ್ಟಕ್ಕೆ
ಎರಡು ಸಾಬೂನು ಮಾರಬಹುದು.

ಸಿನಿಮಾ ಬೇಡ ಅಂದವರ ಮಾತು ಕೇಳಬೇಕಿತ್ತು.
ದುಡ್ಡು ಹಾಕಿದ ಹೋಟೆಲಿನವರಿಗೆ ಕಥೆ ಹಿಡಿಸಿತು,
ಸುಳ್ಳು ಹಿಡಿಸಲಿಲ್ಲ. "ಹೀರೊ ಹಾಗೆಲ್ಲ ಮಾಡ್ತಾನಾ?
ಹೆಸರು ಪಟ್ಟಿಯಲ್ಲೇ ಇರಲಿ." ಇರಲಿ ಅಂದೆ.
ಶಾರ್ಜಾದ ಮರಳಿನಲ್ಲಿ ಇರಾಕ್ ಕಟ್ಟಿದೆವು,
ಬಾಡಿಗೆ ಲಾರಿ, ಎರಡು ಒಂಟೆ
(ಕಥೆಯಲ್ಲಿ ಒಂಟೆಯಿಲ್ಲ).
ಗಡ್ಡ ನೆರೆತ ಇದ್ರೀಸ್ ಮೈಕು ಹಿಡಿದು ನಿಂತ.
ನಟ ಪಟ್ಟಿ ಓದಿದ, ಬಲು ಸೊಗಸಾಗಿ.
ಟೇಕ್ ಓಕೆ ಅಂದೆ. ಇದ್ರೀಸ್ ನೆಲ ನೋಡಿದ:
"ಎಲ್ಲ ಹೆಸರಿಗೂ ಒಂದೇ ಉಸಿರು."
ಎಂಟು ದಿನ ಓಡಿತು.
ಕೊನೆಯ ಆಟಕ್ಕೆ ನಾವಿಬ್ಬರು, ಮತ್ತೆ
ಪಾಪ್‌ಕಾರ್ನ್ ಗುಡಿಸಲು ಕಾದಿದ್ದ ಹುಡುಗ.

ಈ ತಿಂಗಳಿಗೆ ವೀಸಾ ರದ್ದು. ಮೂವತ್ತು ಕಿಲೊ ಒಯ್ಯಬಹುದು.
ಸ್ಪೂಲು ಅಂಟಿಕೊಂಡಿದೆ. ದೊಡ್ಡ ಕ್ಯಾಸೆಟ್ಟು ತೋರಿಸುವ ಯಂತ್ರ
ಈ ಊರಿನಲ್ಲಿ ಯಾರ ಬಳಿಯೂ ಇಲ್ಲ.
ಹಾರ್ಡ್ ಡಿಸ್ಕು ಟಿಕ್ ಟಿಕ್ ಅನ್ನುತ್ತದೆ, ತೆರೆಯುವುದಿಲ್ಲ.
ವಿದ್ಯುತ್ ಬಿಲ್ಲುಗಳ ನಡುವೆ ಆ ಫ್ಯಾಕ್ಸು ಸಿಕ್ಕಿತು.
ಇಲ್ಲಿಯ ಸೆಕೆಗೆ ಆ ಕಾಗದ ತಾಳದು.
ನಿಜಕ್ಕೂ ಅಮ್ಮಾನ್ ಮುಟ್ಟಿದ ನೂರ ಹದಿನಾಲ್ಕು ಜನ
ಬೆಳಕಿಗೆ ಹಿಡಿದರೂ ಕಾಣಲಿಲ್ಲ.
ಬರೀ ಬಿಳಿ. ಅದರ ತುದಿಗೆ, ಅವಸರದ ಅಕ್ಷರ,
ನೀಲಿ: ದೂಮಪ್ಪ ಕರ್ಕೇರ, ಹೆಜಮಾಡಿ.

ಎದ್ದು ಏಸಿ ಆರಿಸಿದೆ.
ಒಮ್ಮೆ ಓದಿದೆ.