ನಡುಗೋಡೆ

ಪರೇಲಿನ ಆಸ್ಪತ್ರೆಯ ಪ್ರಯೋಗಾಲಯ, ಮೂರನೇ ಮಾಳಿಗೆ, ರಾತ್ರಿಪಾಳಿ.
ಮೂವತ್ತೇಳು ಡಿಗ್ರಿಯ ಪೆಟ್ಟಿಗೆ ಗುಂಯ್‌ಗುಡುತ್ತಿದೆ.
ಕೊನೆಯ ಲೋಕಲ್ ಹೋದ ಮೇಲೂ
ಹಳಿ ಸ್ವಲ್ಪ ಹೊತ್ತು ಅದನ್ನೇ ಗೊಣಗುತ್ತದೆ.

ಗಾಜಿನ ಮೇಲೊಂದು ಜೀವ.
ಜೀರಿಗೆಯ ಆಕಾರ,
ಜೀರಿಗೆಯ ಸಾವಿರದಲ್ಲೊಂದು ಪಾಲೂ ಇಲ್ಲ.

ಗುಪ್ತೆ ಮೇಡಂ ಚಹಾ ಆರಿಸುತ್ತ ಹೇಳಿದ ಲೆಕ್ಕ:
ಉಣ್ಣಲು ಬೇಕಾದಷ್ಟಿದ್ದರೆ ಇಪ್ಪತ್ತು ನಿಮಿಷಕ್ಕೊಮ್ಮೆ ಇದು ಎರಡಾಗುತ್ತದೆ.
ಒಳಗಿನ ಬರಹ ಪೂರ್ತಿ ನಕಲಾಗಲು ನಲವತ್ತು ಬೇಕು.
ಲೆಕ್ಕ ಎಲ್ಲೋ ತಪ್ಪಿದೆ, ಎಂದೆ.

ಅಪ್ಪ ಇದ್ದಿದ್ದರೆ ನಗುತ್ತಿದ್ದ.
ಮಾಟುಂಗದ ಹೋಟೆಲಿನಲ್ಲಿ ರುಬ್ಬುವ ಕಲ್ಲಿನ ಅಂತು ಮೂಲ್ಯ:
ಇವತ್ತಿನ ಇಡ್ಲಿ ಬೇಯುವಾಗಲೇ ನಾಳೆಯದಕ್ಕೆ ಹಿಟ್ಟು ಉಬ್ಬುತ್ತಿರಬೇಕು,
ನಾಡಿದ್ದಿನ ಉದ್ದು ನೆನೆಯುತ್ತಿರಬೇಕು.
ಹಸಿದವನು ಬಂದ ಮೇಲೆ ಅಕ್ಕಿ ತೊಳೆಯುವವನಿಗೆ
ಹೋಟೆಲು ಯಾಕೆ?

ಇದೂ ಹಾಗೆಯೇ.
ಇನ್ನೂ ಸೀಳಿರದ ಅಜ್ಜಿಯೊಳಗೆ
ಮೊಮ್ಮಗಳ ಪ್ರತಿ ಶುರುವಾಗಿರುತ್ತದೆ;
ಹುಟ್ಟುವವಳು ಅರ್ಧ ಬರೆದ ಪುಟ ಹಿಡಿದೇ ಹುಟ್ಟುತ್ತಾಳೆ.
ಯಾವಾಗ ಶುರು ಎಂದು ಗಡಿಯಾರ ಹೇಳುವುದಿಲ್ಲ.
ಮೈ ಇಷ್ಟು ತುಂಬಿತೋ, ಸರಿ, ಒಮ್ಮೆ.
ಒಮ್ಮೆ ಮಾತ್ರ.

ಸೀಳುವುದಕ್ಕೆ ಆ ಅವಸರವಿಲ್ಲ.
ಒಂದು ಪ್ರೋಟೀನು ಚಾಳಿನ ಕಾವಲುಗಾರನ ಹಾಗೆ
ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ
ಇಲ್ಲಿ ಬೇಡ, ಇಲ್ಲೂ ಬೇಡ ಎನ್ನುತ್ತ ನಡೆದು
ನಡುವನ್ನು ಉಳಿಸಿಕೊಡುತ್ತದೆ.
ಅಲ್ಲೊಂದು ಬಳೆ ಕೂಡಿಕೊಳ್ಳುತ್ತದೆ.
ಕೂಡಿದರೂ ಬಿಗಿಯುವುದಿಲ್ಲ.
ಬರಹದ ಒಂದೆಳೆ ಅಡ್ಡ ಸಿಕ್ಕಿದ್ದರೂ
ಅದನ್ನು ಎಳೆದು ಆಚೆ ಸೇರಿಸಿ,
ಆಮೇಲೆ.

ಅಪ್ಪನ ಬೊಜ್ಜ ಮುಗಿದು ವಾರವೂ ಆಗಿರಲಿಲ್ಲ.
ಭೋಯಿವಾಡದ ಖೋಲಿ, ಹತ್ತಡಿಗೆ ಹನ್ನೆರಡಡಿ.
ಜಾರಪ್ಪಣ್ಣ ಪ್ಲೈವುಡ್ ತಂದ,
ಚಿಕ್ಕಣ್ಣ ಟೇಪಿನ ತುದಿ ಹಿಡಿದ.
ನಟ್ಟನಡುವೆ ಅಮ್ಮನ ಹೊಲಿಗೆ ಮಿಷನ್ನು.
ಸರಿಸೋಣ, ಎಂದೆ.
ಎಲ್ಲಿಗೆ, ಎಂದರು ಇಬ್ಬರೂ.
ಅವರು ಒಂದೇ ಮಾತಾಡಿದ್ದು ಅದೇ ಕಡೆಯ ಸಲ.
ಬಡಗಿ ಹಲಗೆಗೆ ಕಿಂಡಿ ಕೊರೆದ:
ಚಕ್ರ ದೊಡ್ಡವನ ಪಾಲಿಗೆ,
ಸೂಜಿ ಸಣ್ಣವನ ಪಾಲಿಗೆ.
ಅಮ್ಮ ಯಾವ ಕಡೆ ಕೂತರೂ
ಒಂದು ಕೈ ಇನ್ನೊಂದು ಮನೆಯಲ್ಲಿ.

ಸೂಜಿಗೆ ತುಕ್ಕು ಹಿಡಿಯಲು
ಒಂದು ಮಳೆಗಾಲ ಸಾಕಾಯಿತು.

ಮೂರೂ ನಲವತ್ತು.
ಗಾಜಿನ ಮೇಲೆ ಸೊಂಟ ಸಣ್ಣಗಾಗುತ್ತಿದೆ.
ತಡೆ, ನೋಡಿಕೋ, ನಡುವೆ ಯಾರಾದರೂ ಇದ್ದಾರೆಯೇ
ಎಂದು ಬಾಯಿಗೆ ಬರುತ್ತದೆ.
ಅದಕ್ಕೆ ನಾನು ಹೇಳಿಕೊಡಬೇಕಿಲ್ಲ.

ರಿಜಿಸ್ಟರಿನಲ್ಲಿ ಹೊತ್ತು ಬರೆದು
ಮುಂದೆ ಬರೆಯುತ್ತೇನೆ: ಎರಡು.