ಕೆಂಪು ಬಾವುಟ, ಒಂದು

ಹಾಸನದ ಕಾರ್ಮಿಕ ಕಚೇರಿಯ ಬೆಂಚಿಗೆ
ಮೂರೇ ಕಾಲು. ನಾಲ್ಕನೆಯದರ ಜಾಗದಲ್ಲಿ ಇಟ್ಟಿಗೆ.
ಕೂತೂ ಕೂತೂ ಈಗ
ನಾನು ಇಟ್ಟಿಗೆಯ ಕಡೆಯೇ ಕೂರುತ್ತೇನೆ.

ಜವರಯ್ಯ, ಕೀಮ್ಯಾನ್, ಅರಸೀಕೆರೆ ಸೆಕ್ಷನ್.
ಇವತ್ತಿಗೆ ಇಪ್ಪತ್ತಮೂರನೇ ವಾಯಿದೆ.

ವಕೀಲ ಲೋಕೇಶಪ್ಪ ಪುಸ್ತಕ ಬಿಡಿಸಿ ಓದಿದರು:
ತೋರುಬೆರಳಿಗೆ ನೂರಕ್ಕೆ ಹದಿನಾಲ್ಕು,
ನಡುಬೆರಳಿಗೆ ಹನ್ನೆರಡು,
ಉಂಗುರದ ಬೆರಳಿಗೆ ಏಳು.
ಉಳಿದ ಕೈಯಲ್ಲಿ ಎಣಿಸಿ ಕೂಡಿದೆ, ಮೂವತ್ತಮೂರು.
'ಇಲ್ಲ ಕಣಯ್ಯ, ಮೂರೂ ಒಟ್ಟಿಗೆ ಹೋದರೆ
ಮೂವತ್ತೇ.'
ನಮ್ಮೂರ ಕೊಬ್ಬರಿ ಮಂಡಿಯ ಹಾಗೆ, ಸಗಟಿಗೆ ದರ ಕಮ್ಮಿ.
ಬಿಡಿಬಿಡಿಯಾಗಿ ಕಳೆದುಕೊಳ್ಳಬೇಕಿತ್ತು ನಾನು.
ಹಳಿಗೆ ಅಷ್ಟು ತಾಳ್ಮೆ ಇರಲಿಲ್ಲ.

ಬಾಗೇಶಪುರದ ಆಚೆ, ತಿರುವಿನಲ್ಲಿ,
ಬೆಳಗಿನ ಜಾವ ಮೂರು ಹತ್ತು.
ಮೀಟರಿಗೆ ಅರವತ್ತು ಕೆಜಿ ತೂಗುವ ಹಳಿ,
ಎಂಟು ಜನ, ನಾಲ್ಕು ಸಬ್ಬಲ್.
ಐಲೇಸಾ ಅಂದೆವು.
ಎರಡನೆಯ ಐಲೇಸಾ ಬಾಯಲ್ಲಿರುವಾಗಲೇ
ಒಂದು ಸಬ್ಬಲ್ ಜಾರಿತು.
ದೊಡ್ಡ ಸದ್ದೇನಿಲ್ಲ. ಹಸಿ ಕಡ್ಡಿ ಮುರಿದಷ್ಟು.

ಬಾಬಾಜಾನ್ ನನ್ನ ಚೀಲದಿಂದ ಬಾವುಟ ಎಳೆದು
ಮೊಣಕೈವರೆಗೂ ಸುತ್ತಿದ.
ಕೆಂಪಿನ ಮೇಲೆ ಕೆಂಪು,
ಎಷ್ಟು ಹೋಯಿತೆಂದು ಕಾಣಲಿಲ್ಲ, ಒಳ್ಳೆಯದೇ ಆಯಿತು.
ನಂಜೇಶಿ ದೀಪ ಬೀಸಿ ಗೂಡ್ಸ್ ನಿಲ್ಲಿಸಿದ.
ಅದರ ಹಿಂದಿನ ಡಬ್ಬಿಯಲ್ಲಿ, ಗಾರ್ಡಿನ ಕಾಲ ಬಳಿ,
ಅರಸೀಕೆರೆಗೆ ನಾನು ಬಂದೆ,
ಸರಕಿನ ಹಾಗೆ, ಚೀಟಿ ಇಲ್ಲದೆ.

ತಿಂಗಳಾದ ಮೇಲೆ ಕಾಗದ ಬಂತು.
ಕೈಯ ಬಗ್ಗೆ ಅಲ್ಲ.
*ಸಲಕರಣೆ ಕೊರತೆ: ಕೆಂಪು ಬಾವುಟ, ಒಂದು.
ವಿವರಣೆ ಕೊಡತಕ್ಕದ್ದು.*
ಕೊಟ್ಟೆ, ಮಗಳ ಕೈಲಿ ಬರೆಸಿ.
ಸಂಬಳದಲ್ಲಿ ನಲವತ್ತೆಂಟು ರೂಪಾಯಿ ಮುರಿದುಕೊಂಡರು.
ಅದಕ್ಕೆ ವಾಯಿದೆ ಇರಲಿಲ್ಲ.

ಆ ಕಡೆಯ ವಕೀಲರು ರಿಜಿಸ್ಟರ್ ತಂದಿದ್ದಾರೆ.
'ಕೈಗವಸು ಒಂದು ಜೊತೆ, ಪಡೆದಿದ್ದೇನೆ.'
ಕೆಳಗೆ ಸಹಿ ನನ್ನದೇ.
ಕೊನೆಯ ಒತ್ತನ್ನು ಬಾಲದ ಹಾಗೆ ಎಳೆಯುವುದು
ಆ ಕೈಯ ಚಾಳಿ.
ಗವಸು ಬಂದಿರಲೇ ಇಲ್ಲ. ಮುಂದಿನ ತಿಂಗಳು ಬರುತ್ತೆ,
ಇನ್‌ಸ್ಪೆಕ್ಷನ್ ಐತೆ, ಹಾಕಯ್ಯ ಅಂದಿದ್ದರು ಮೇಟ್.
ಹಾಕಿದೆ.
ಈಗ ನನ್ನ ವಿರುದ್ಧ ಸಾಕ್ಷಿ ಹೇಳುತ್ತಿರುವುದು ಅದೇ ಕೈ.
ಪಾಟೀಸವಾಲು ಮಾಡೋಣವೆಂದರೆ
ಸಾಕ್ಷಿದಾರನೇ ಇಲ್ಲ.

ಬೋಲ್ಟಿಗೆ ಸುತ್ತಿಗೆಯಿಂದ ಒಂದು ತಟ್ಟಿದರೆ
ಹಿಡಿಯ ಮರದೊಳಗಿಂದ ಸುದ್ದಿ ಬರುತ್ತಿತ್ತು:
ಇದು ಗಟ್ಟಿ, ಇದು ಗಟ್ಟಿ,
ಇದು ನಾಳಿದ್ದು ಸಡಿಲಾಗುತ್ತೆ.
ಹತ್ತೊಂಬತ್ತು ವರ್ಷ ಆ ಬೆರಳುಗಳು ಸುಳ್ಳು ಹೇಳಲಿಲ್ಲ.
ಈಗಲೂ ರಾತ್ರಿ, ಮೈಸೂರು ಗಾಡಿ ಬರುವ ಮುಂಚೆ,
ಇಲ್ಲದ ತೋರುಬೆರಳ ತುದಿ ಝುಮ್ಮೆನ್ನುತ್ತದೆ.
ಅದಕ್ಕೆಷ್ಟು ಎಂದು ಕೇಳಿದೆ.
ಲೋಕೇಶಪ್ಪ ಪುಟ ತಿರುವಿದರು. ಮತ್ತೆ ಹಿಂದಕ್ಕೆ ತಿರುವಿದರು.

ಮನೆಯಲ್ಲಿ ಎಡಗೈಯಿಂದ ಮುದ್ದೆ ಮುರಿಯುತ್ತೇನೆ.
ಮೊದಮೊದಲು ಸಾರೆಲ್ಲ ಅಂಗಿಗೆ.
ಮಗಳು ಸಿಂಧುವೂ ಎಡಗೈಯಲ್ಲೇ ಉಣ್ಣಲು ಶುರು ಮಾಡಿದಳು.
ಅವಳಜ್ಜಿ ಬೈದರೆ,
'ಇದು ಅಪ್ಪನ ಕೈ' ಅನ್ನುತ್ತಾಳೆ.

ಹೆಸರು ಕೂಗಿದರು.
'ಕೈ ತೋರಿಸಿ' ಅಂದರು ಸಾಹೇಬರು.
ತೋರಿಸಿದೆ. ಬರೆದುಕೊಂಡರು.
'ಇನ್ನೇನಾದರೂ ದಾಖಲೆ?'

ಚೀಲದಿಂದ ತೆಗೆದು ಮೇಜಿನ ಮೇಲೆ ಹಾಸಿದೆ.
ಆಸ್ಪತ್ರೆಯವರು ಬಟ್ಟೆಯ ಜೊತೆ ಕೊಟ್ಟಿದ್ದರಂತೆ,
ರಂಗಲಕ್ಷ್ಮಿ ಐದು ಸಲ ಒಗೆದಿದ್ದಾಳೆ,
ನಡುವೆ ಕಂದು ಹಾಗೇ ಉಳಿದಿದೆ.
'ಏನಯ್ಯ ಇದು?'
'ಬಾವುಟ, ಸ್ವಾಮಿ. ಕೆಂಪು. ಒಂದು.
ದುಡ್ಡು ಕಟ್ಟಿದ್ದೇನೆ, ಈಗ ನನ್ನದು.'

ಸಾಹೇಬರ ಪೆನ್ನು ನಿಂತಿತು.
ಫ್ಯಾನ್ ತಿರುಗುತ್ತಿತ್ತು. ಪಕ್ಕದ ಕೋಣೆಯಲ್ಲಿ ಯಾರೋ
ಪಿಂಚಣಿಯ ಫಾರಂ ಕೇಳುತ್ತಿದ್ದರು.
ಆಮೇಲೆ ಗುಮಾಸ್ತ ಕೆಮ್ಮಿದ,
ಪೆನ್ನು ಹೊರಟಿತು.

ಹದಿನೇಳನೇ ತಾರೀಖು, ಗುರುವಾರ.
ಬಾವುಟ ಮಡಚಿಕೊಂಡೆ.
ಒಂದೇ ಕೈಯಲ್ಲಿ ಮಡಚಲು
ಸ್ವಲ್ಪ ಹೊತ್ತು ಹಿಡಿಯುತ್ತದೆ.